ಮೇಲಿನವರು ಹೇಳಿದ ದಾರಿ

ನಿವೃತ್ತ ಅಧಿಕಾರಿ ಸಂಪಂಗಿರಾಯರು ಪ್ರವಾಸಕ್ಕೆಂದೇ ಒಂದು ಮನೆಗಾಡಿ ಮಾಡಿಸಿದರು. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇತ್ತು. ಎತ್ತರವೋ, ಪಕ್ಕದ ಮನೆಯ ತಾರಸಿಗೆ ಸಮ. ಅದನ್ನು ಜೀಪಿನ ಹಿಂದೆ ಕಟ್ಟಿ ಹೊರಟು ನಿಂತರು.

ಊರಾಚೆ ರಸ್ತೆ ಕವಲಾಗುತ್ತದೆ. ನೇರ ಹೋದರೆ ತಗ್ಗಾದ ರೈಲು ಸೇತುವೆ, ಎಡಕ್ಕೆ ಕೆರೆ ಏರಿಯ ಸುತ್ತುದಾರಿ.

"ಒಂದು ಅನುಮಾನ ಸಾರ್," ಅಂದ ಡ್ರೈವರ್. "ಸೇತುವೆ ಕೆಳಗೆ ನಮ್ಮ ಗಾಡಿ ಹಿಡಿಸುತ್ತಾ?"

ರಾಯರು ಕಚೇರಿಯ ಗತ್ತಿನಲ್ಲೇ ಗದರಿದರು. "ಮೇಲಿನವರು ಹೇಳಿದ ಮೇಲೆ ಮುಗೀತು. ನೇರ ನಡಿ!"

ಡ್ರೈವರ್ ತಲೆ ಕೆರೆದುಕೊಂಡ. "ಆಗಲಿ ಸಾರ್. ಆದ್ರೆ ಇಂಥ ಗಾಡೀನ ಊರೆಲ್ಲ ನೋಡುವಾಗ ಯಜಮಾನ್ರು ಜೀಪೊಳಗೆ ಅಡಗಿ ಕೂತ್ರೆ ಚೆಂದವಾ? ಗಾಡಿ ಮೇಲೆ ಕುರ್ಚಿ ಹಾಕಲಾ?"

ರಾಯರಿಗೆ ಮಾತು ರುಚಿಸಿತು. ಏಣಿ ಹತ್ತಿ, ಕುರ್ಚಿಯಲ್ಲಿ ಕೂತು ಜನರಿಗೆ ಕೈ ಬೀಸತೊಡಗಿದರು. ಡ್ರೈವರ್ ಆಮೆಯಂತೆ ಓಡಿಸಿದ. ಕವಲು ಬಂತು. ಎದುರಿಗೆ ಸೇತುವೆ ಕಂಡಿತು. ಅದರ ತೊಲೆ ರಾಯರ ಪಾದಕ್ಕಿಂತಲೂ ಕೆಳಗಿತ್ತು!

"ಏಯ್, ನಿಲ್ಲಿಸೋ! ಏರಿ ಮೇಲೆ ಹೋಗೋ!"

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ನೇರ ನಡಿ ಅಂದಿದ್ರಲ್ಲ ಸಾರ್?"

"ಈಗ ಹೇಳ್ತಿದೀನಲ್ಲೋ!"

"ಸರಿ ಬಿಡಿ," ಅಂದ ಡ್ರೈವರ್, ಎಡಕ್ಕೆ ತಿರುಗಿಸುತ್ತಾ. "ಮೇಲಿನವರು ಹೇಳಿದ ಮೇಲೆ ಮುಗೀತು."