ಹಲ್ಲಿಯ ನೆಂಟರು

ಸಂಗೀತ ಸಭಾಂಗಣದ ಪಕ್ಕದ ಕೋಣೆಯಲ್ಲಿ, ರೇಡಿಯೋದ ಹಿಂದೆ ಒಂದು ಹಲ್ಲಿ ವಾಸವಾಗಿತ್ತು. ರೇಡಿಯೋ ಹಾಡಿದಾಗಲೆಲ್ಲ ಅದು ಮೆಚ್ಚಿ ಲೊಚಗುಟ್ಟುತ್ತಿತ್ತು. ಗೋಡೆಗಳು ಸುಮ್ಮನಿರುತ್ತಿದ್ದವು.

ಒಂದು ಸಂಜೆ ಹಲ್ಲಿ ಕಚೇರಿ ಕೇಳಲು ಸಭಾಂಗಣಕ್ಕೇ ಹೋಯಿತು. ಗಾಯಕಿಯು ಕಲ್ಯಾಣಿ ರಾಗವನ್ನು ಏರಿಸಿ ಮೇಲಿನ ಷಡ್ಜದಲ್ಲಿ ನಿಂತಾಗ ತಡೆಯಲಾರದೆ ಲೊಚಗುಟ್ಟಿತು. ಅದೇ ಕ್ಷಣಕ್ಕೆ ಸಭೆಯೆಲ್ಲ ತಲೆದೂಗುತ್ತ ಲೊಚಗುಟ್ಟಿತು.

"ಅಯ್ಯೋ, ನಮ್ಮವರು ಇಷ್ಟೊಂದು ಮಂದಿ ಇದ್ದಾರೆಯೇ!" ಎಂದು ಹಲ್ಲಿ ಹಿಗ್ಗಿತು.

ಕಚೇರಿ ಮುಗಿಯಿತು. ನೆಂಟರೆಲ್ಲ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ಮರುದಿನ ರೇಡಿಯೋ ಕೇಳಿತು: "ಅದೇ ಗಾಯಕಿ, ಅದೇ ಕಲ್ಯಾಣಿ. ಇವತ್ತೇಕೆ ಸುಮ್ಮನಿದ್ದೀಯೆ?"

"ನಿನ್ನ ಹಾಡಿನಲ್ಲಿ ಕೊರತೆಯಿಲ್ಲ, ಅಣ್ಣಾ," ಎಂದಿತು ಹಲ್ಲಿ. "ಆದರೆ ಲೊಚಗುಟ್ಟಿದ ಮೇಲೆ ಈಗ ನೆಂಟರ ಮರುದನಿಗೆ ಕಿವಿಗೊಟ್ಟು ಕಾಯಬೇಕಾಗುತ್ತದೆ."