ಕಿವಿಯಲ್ಲಿ ಕುಡಿಯುವ ಮದ್ದು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದ್ಮಲದೇವಿಯವರ ಮೂರು ಒಗಟು ಬಿಡಿಸಿದವನೇ ಅರಮನೆಯ ವೈದ್ಯ. ಅವನು ಕೇಳಿದ್ದು ಕೊಡಲಾಗುವುದು. ಸೋತವನು ತಾನು ತಂದ ಮದ್ದನ್ನು ತೊಟ್ಟೂ ಉಳಿಸದೆ ತಾನೇ ಕುಡಿಯಬೇಕು. ಮದ್ದಿಲ್ಲದೆ ಬಂದು ಸೋತವನ ತಲೆ ಹೋಗುತ್ತದೆ."

ಸಿರಿವಂತಿ ರಾಜ್ಯದಲ್ಲಿ ಹೀಗೆ ಡಂಗುರ ಸಾರಿದರು. ಪಾಪ, ರಾಜ ಮಲ್ಲಿದೇವನಿಗೆ ಮಗಳೆಂದರೆ ಜೀವ. ಅವಳಿಗೆ ಸಣ್ಣ ಜ್ವರ ಬಂದದ್ದೇ ತಡ, ಸಿಕ್ಕಸಿಕ್ಕವರ ಕಷಾಯ ಕುಡಿಸಿ ಕುಡಿಸಿ ಹಾಸಿಗೆ ಹಿಡಿಸಿಬಿಟ್ಟಿದ್ದ. ಬೇಡವೆಂದರೆ ಕೇಳುವ ಆಸಾಮಿಯಲ್ಲ. ಅದಕ್ಕೇ ಅವಳು ಈ ಒಗಟಿನ ಉಪಾಯ ಹೂಡಿದಳು. ರಾಜ ಒಪ್ಪಿದ, ಆದರೆ ಒಗಟು ಕೇಳುವ ದಿನ ಸಂಜೆಯೊಳಗೆ ಯಾರೂ ಗೆಲ್ಲದಿದ್ದರೆ ಉಳಿದ ಮದ್ದನ್ನೆಲ್ಲ ಅವಳು ಕುಡಿಯಬೇಕೆಂದ.

ನಾಗಾರ್ಯ ಪಂಡಿತ ಒಂದು ಹಂಡೆ ಮದ್ದು ತಂದ. ಜೊತೆಗೆ ಮೈಲಾರಿಯನ್ನೂ ಕರೆತಂದ. ಈ ಮೈಲಾರಿಯ ಕೆಲಸ ವಿಚಿತ್ರ. ಪಂಡಿತನಿಗಿಂತ ಮೊದಲೇ ಊರು ಸೇರಿ ಊರುಗೋಲು ಹಿಡಿದು ಕುಂಟುತ್ತಿರಬೇಕು. ಸಂತೆಯ ದಿನ ಪಂಡಿತನ ಮದ್ದು ಒಂದು ಗುಟುಕು ಕುಡಿದು, ಕೋಲು ಬಿಸಾಕಿ ಓಡಬೇಕು. ನೋಡಿದ ಜನ ಮುಗಿಬಿದ್ದು ಮದ್ದು ಕೊಳ್ಳುತ್ತಿದ್ದರು. ಹೊಟ್ಟೆಪಾಡು, ಏನು ಮಾಡುತ್ತಾನೆ ಹೇಳಿ.

ರಾಜಕುಮಾರಿ ಮಂಚದಿಂದಲೇ ಮೊದಲ ಒಗಟು ಕೇಳಿದಳು. "ಬಾಯಲ್ಲಿ ಕುಡಿಯದೆ ಕಿವಿಯಲ್ಲಿ ಕುಡಿಯುವ ಮದ್ದು ಯಾವುದು?"

"ಕಿವಿಗೆ ಬಿಡುವ ಎಣ್ಣೆ, ತಾಯಿ," ಎಂದನೊಬ್ಬ ಗಡ್ಡದವನು.

"ಎಣ್ಣೆಯನ್ನು ಕಿವಿ ಕುಡಿಯುತ್ತದೆಯೇ? ಎಲ್ಲಿ, ನಿಮ್ಮ ಮಡಕೆ ಎತ್ತಿ."

ಗಡ್ಡದವನು ಮಡಕೆ ಅಲ್ಲೇ ಬಿಟ್ಟು ಕೋಟೆ ಹಾರಿದ. ಮಂತ್ರದ ನೀರು ಎಂದವನೂ ಅವನ ಹಿಂದೆಯೇ ಹಾರಿದ. ನಾಗಾರ್ಯ ಬಾಯೇ ಬಿಡದೆ ಕಂಬದ ಮರೆಗೆ ಸರಿದ.

ಹೊತ್ತು ಇಳಿಯಿತು. ಮಗಳಿಗೆ ಕುಡಿಸಲು ರಾಜ ನಾಗಾರ್ಯನ ಹಂಡೆ ತರಿಸಿದ. ಮೈಲಾರಿ ಅದರತ್ತ ನೋಡಿದ. ಪಂಡಿತ ಹೇಳಿದಂತೆ ಆ ಹಂಡೆಗೆ ಮತ್ತು ಬರಿಸುವ ಉಮ್ಮತ್ತಿ ಬೀಜ ಅರೆದು ಹಾಕಿದ್ದವನು ತಾನೇ. ಒಂದು ಗುಟುಕಿಗೆ ಏನೂ ಆಗದು, ಆದರೆ ಈ ಹುಡುಗಿ ಹಂಡೆಯಷ್ಟೂ ಕುಡಿದರೆ ಉಳಿಯುವುದಿಲ್ಲ.

"ನಾನು ಹೇಳ್ತೀನಿ ಬುದ್ಧಿ," ಎಂದು ಮುಂದೆ ಬಂದ.

"ನಿನ್ನ ಮದ್ದೆಲ್ಲಿ?" ರಾಜ ಕೇಳಿದ.

"ನನ್ನ ಹತ್ರ ಇಲ್ಲ. ತಲೆ ಇದೆ." ಆಮೇಲೆ ರಾಜಕುಮಾರಿಯತ್ತ ತಿರುಗಿ, "ಕಿವಿಯಲ್ಲಿ ಕುಡಿಯೋದು ಬಣ್ಣದ ಮಾತು, ತಾಯಿ. ಸಂತೆಯಲ್ಲಿ ಜನ ಅದನ್ನೇ ಕುಡೀತಾರೆ. ಸೀಸೆ ಸುಮ್ಮನೆ ನೆಪಕ್ಕೆ," ಎಂದ.

ಅವಳು ದಿಂಬಿಗೆ ಒರಗಿ ಕುಳಿತಳು. "ಎಷ್ಟೋ ಜ್ವರ ಇಳಿಸುವ ವೈದ್ಯ, ಬಿಡಿಗಾಸು ಕೇಳುವುದಿಲ್ಲ. ಆದರೆ ಹೊಗಳಿಕೆ ಪಕ್ಕದಲ್ಲಿ ಕೂತವನಿಗೆ. ಯಾರವನು?"

"ದಿನಗಳು. ಮಲಗಿ ಎದ್ದರೆ ಎಷ್ಟೋ ಜ್ವರ ತಾನೇ ಹೋಗುತ್ತೆ. ಆ ಹೊತ್ತಿಗೆ ಮದ್ದು ಕೊಟ್ಟವನು ಹೆಸರು ಹೊಡ್ಕೋತಾನೆ."

"ಪ್ರತಿ ಊರಲ್ಲೂ ಕುಂಟುತ್ತಾನೆ, ಪ್ರತಿ ಊರಲ್ಲೂ ಓಡುತ್ತಾನೆ. ಎಂದೂ ಕಾಯಿಲೆ ಬೀಳದವನು ಮದ್ದಿಗೆ ಸಾಕ್ಷಿ. ಯಾರು?"

ಮೈಲಾರಿ ಹಂಡೆಯತ್ತ ನೋಡಿದ. ಹೇಳದಿದ್ದರೆ ತಲೆ ಹೋಗುತ್ತದೆ, ಹೇಳಿದರೂ ಹೋಗುತ್ತದೆ. ಅವಳ ಬಾಡಿದ ಮುಖ ನೋಡಿದ.

"ನಾನೇ," ಎಂದ. "ಆ ಹಂಡೆಯಲ್ಲಿರೋದು ವಿಷ. ಮುಟ್ಟಬೇಡಿ."

ನಾಗಾರ್ಯ ಚಪ್ಪಲಿ ಬಿಟ್ಟು ಓಡಿದ. ರಾಜನ ಕೈ ಕತ್ತಿಗೆ ಹೋಯಿತು. ರಾಜಕುಮಾರಿಗೋ, ಎಷ್ಟೋ ದಿನದ ಮೇಲೆ ನಗು ಉಕ್ಕಿ ಬಂತು.

"ಉತ್ತರ ಸರಿ, ಅಪ್ಪಾಜಿ. ಕಾಯಿಲೆ ಬೀಳುವ ಮೊದಲು ಎರಡು ಊರುಗಳ ಸಂತೆಯಲ್ಲಿ ಪಲ್ಲಕ್ಕಿಯಿಂದ ಇವನನ್ನೇ ನೋಡಿದ್ದೆ. ಕೊಟ್ಟ ಮಾತು ನಡೆಸಿ."

ರಾಜ ಕತ್ತಿಯಿಂದ ಕೈ ತೆಗೆದ. ಹೊಸ ವೈದ್ಯ ಮದ್ದನ್ನೆಲ್ಲ ಗುಂಡಿ ತೋಡಿಸಿ ಹೂಳಿಸಿದ. ಅವಳಿಗೆ ಗಂಜಿ ಕೊಡಿಸಿದ, ಕಣ್ತುಂಬ ನಿದ್ದೆ ಮಾಡಲು ಬಿಟ್ಟ. ತಿಂಗಳು ಕಳೆಯುವುದರೊಳಗೆ ಅವಳು ಎದ್ದು ಓಡಾಡಿದಳು. ರಾಜ ಕಣ್ಣೊರೆಸಿಕೊಂಡು, "ಏನು ಬೇಕಪ್ಪಾ ನಿನಗೆ?" ಎಂದ.

"ಒಂದೂರಲ್ಲಾದರೂ ನೆಟ್ಟಗೆ ನಡೆದುಕೊಂಡು ಬಾಳಬೇಕು, ಬುದ್ಧಿ."

ರಾಜ ಹೊಳೆಯಾಚೆ ಮನೆ, ಹೊಲ ಕೊಟ್ಟ. ಮೈಲಾರಿಯನ್ನು ಕಳಿಸಿಕೊಡಲು ರಾಜಕುಮಾರಿ ಪಲ್ಲಕ್ಕಿ ಬೇಡವೆಂದು ನಡೆದೇ ಬಂದಳು. ಊರ ಬಾಗಿಲಲ್ಲಿ ಜನ ಮುತ್ತಿಕೊಂಡು, ಯಾವ ಮದ್ದಪ್ಪಾ, ನಮಗೂ ಒಂಚೂರು ಕೊಡು ಎಂದು ದುಂಬಾಲು ಬಿದ್ದರು.

"ಗಂಜಿ," ಎಂದ ಮೈಲಾರಿ.

ಇಷ್ಟು ದಿನ ಅವನ ಸುಳ್ಳನ್ನು ಕಣ್ಣುಮುಚ್ಚಿ ನಂಬಿದ ಜನ, ಇದನ್ನು ಮಾತ್ರ ಒಬ್ಬರೂ ನಂಬಲಿಲ್ಲ.