ಆರನೆಯ ಗೂಟ

“ಗುರುಗಳೇ, ಕಲಿಯಲಾರದವರನ್ನು ಮಠದಲ್ಲಿಟ್ಟುಕೊಂಡು ಅನ್ನ ಹಾಕುವುದು ನ್ಯಾಯವೇ?” ಎಂದು ಹಿರಿಯ ಶಿಷ್ಯ ಕೇಳಿದ. ಉಳಿದವರಿಗೆ ಪಾಠ ಹೇಳುವ ಹೊಣೆ ಅವನದು. ದನಿಯಲ್ಲಿ ಸಿಟ್ಟಿತ್ತು. “ಹೋದ ವರ್ಷ ಸೇರಿದ ಇಬ್ಬರು ಏನೂ ಕಲಿಯಲಿಲ್ಲ, ಕಳಿಸಿದೆವು. ಈ ವರ್ಷ ಸೇರಿದ ಇಬ್ಬರೂ ಹಾಗೆಯೇ. ಎಲ್ಲರಿಗೂ ಕೇಳಿದ ಪ್ರಶ್ನೆಗಳನ್ನೇ ಅವರಿಗೂ ಕೇಳಿ ನೋಡಿದ್ದೇನೆ. ಕಳಿಸಲು ಅಪ್ಪಣೆ ಕೊಡಿ.”

ಗುರು ಒಂದು ಕತೆ ಹೇಳಿದರು.

ಒಬ್ಬ ರೈತನ ಕೊಟ್ಟಿಗೆಯಲ್ಲಿ ಆರು ಗೂಟ, ಆರು ಹಸು. ಅವನ ಹೊಲದ ಮೇವು ಆರಕ್ಕೆ ಮಾತ್ರ ಸಾಲುತ್ತಿತ್ತು. ವರ್ಷಕ್ಕೊಂದು ಕಡಸು ಕರು ಹಾಕಿ ಹಾಲಿಗೆ ಬರುತ್ತಿತ್ತು. ಹಾಗಾಗಿ ವರ್ಷಕ್ಕೊಂದು ಹಸುವನ್ನು ಮಾರಲೇಬೇಕಿತ್ತು.

ಯಾವುದನ್ನು ಮಾರಬೇಕು? ರೈತ ಮನಸ್ಸಿಗೆ ತೋಚಿದಂತೆ ಮಾಡುವವನಲ್ಲ. ಒಂದು ತಿಂಗಳು ಎಲ್ಲ ಹಸುಗಳ ಹಾಲನ್ನೂ ಒಂದೇ ಸೇರಿನಲ್ಲಿ ಅಳೆಯುತ್ತಿದ್ದ. ಎಲ್ಲಕ್ಕಿಂತ ಕಡಿಮೆ ಕೊಟ್ಟದ್ದನ್ನು ಮಾರುತ್ತಿದ್ದ. ಅದರ ಗೂಟಕ್ಕೆ ಹೊಸ ಹಸುವನ್ನು ಕಟ್ಟುತ್ತಿದ್ದ.

ಮೊದಲ ವರ್ಷ ಆರನೆಯ ಗೂಟದ ಹಸು ಹೋಯಿತು. ಎರಡನೆಯ ವರ್ಷವೂ ಆರನೆಯ ಗೂಟದ್ದೇ. ಮೂರನೆಯ ವರ್ಷ ಆ ಗೂಟದಲ್ಲಿದ್ದದ್ದು ತುಂಬೆ ಎಂಬ ಹಸು. ತುಂಬೆ ಹುಟ್ಟಿದ ವಾರಕ್ಕೇ ತಾಯಿ ಸತ್ತಿತ್ತು. ರೈತನ ಹೆಂಡತಿ ಮನೆಯೊಳಗೇ ತನ್ನ ಬೆರಳು ಚೀಪಿಸಿ, ಹಾಲು ಕುಡಿಸಿ ಅದನ್ನು ಉಳಿಸಿಕೊಂಡಿದ್ದಳು.

ಅಳತೆ ಮುಗಿಯಿತು. ತುಂಬೆಯ ಹಾಲೇ ಕಡಿಮೆ. ಹಿಂದಿನ ಎರಡನ್ನೂ ಕೊಂಡಿದ್ದ ಪಕ್ಕದೂರಿನವನು ಹಗ್ಗ ಹಿಡಿದು ಅಂಗಳಕ್ಕೆ ಬಂದ.

ಕೊಟ್ಟಿಗೆಯ ಕೆಲಸವೆಲ್ಲ ರೈತನದು. ಅವನ ಹೆಂಡತಿ ಅತ್ತ ಹೋಗುತ್ತಿದ್ದುದು ಅಪರೂಪ. ಆ ದಿನ ತುಂಬೆಗೆ ಕೊನೆಯದಾಗಿ ಒಂದು ಚೂರು ಬೆಲ್ಲ ತಿನ್ನಿಸಲು ಹೋದಳು. ಹೋದವಳು ಗೋದಲಿಯನ್ನು ನೋಡಿದಳು. ಬಾಗಿಲಿನಿಂದ ಒಳಗೋಡೆಯವರೆಗೆ ಒಂದೇ ಉದ್ದನೆಯ ಕಲ್ಲು ಗೋದಲಿ. ಅವಳ ಕೈಯ ಬೆಲ್ಲ ಕೈಯಲ್ಲೇ ಉಳಿಯಿತು.

“ಏನ್ರೀ ಇದು? ಬಾಗಿಲ ಕಡೆ ಬೂಸಾ ಮಿಕ್ಕು ಹುಳಿ ವಾಸನೆ ಹೊಡೆಯುತ್ತಿದೆ. ಇಲ್ಲಿ ತುಂಬೆಯ ಮುಂದೆ ನೆಕ್ಕಿ ನೆಕ್ಕಿ ಕಲ್ಲು ನುಣ್ಣಗಾಗಿದೆ!”

“ಅಪ್ಪನ ಕಾಲದಿಂದಲೂ ಬಾಗಿಲ ಕಡೆಯಿಂದಲೇ ಹಾಕಿಕೊಂಡು ಬರುವುದು ಕಣೇ. ಬುಟ್ಟಿಯಲ್ಲಿ ಉಳಿದದ್ದು ಕೊನೆಯದಕ್ಕೆ. ಅಳತೆಯಲ್ಲಿ ಒಂದು ಹನಿ ಮೋಸ ಮಾಡಿದ್ದರೆ ಕೇಳು.”

“ಹಾಲು ಅಳೆದಿರಿ. ಬೂಸಾ ಅಳೆದಿರಾ?”

ಅವಳು ಅಂಗಳಕ್ಕೆ ಬಂದು ಪಕ್ಕದೂರಿನವನನ್ನು ಕೇಳಿದಳು: “ಹೋದ ಸಲ ಹೊಡೆದುಕೊಂಡು ಹೋದ ಹಸು ಈಗ ಎಷ್ಟು ಕೊಡುತ್ತದಣ್ಣ?”

ಅವನು ಹಲ್ಲು ಬಿಟ್ಟ. “ಸುಳ್ಳು ಯಾಕೆ ಹೇಳಲಿ ಅಕ್ಕಾ? ನಿಮ್ಮಲ್ಲಿ ಕೊಡುತ್ತಿದ್ದುದರ ಎರಡರಷ್ಟು. ಅದಕ್ಕೇ ಅಲ್ಲವೇ ಪ್ರತಿ ವರ್ಷ ನಿಮ್ಮ ಮನೆಗೇ ಬರುವುದು?”

ಅವಳ ಮೈ ಉರಿಯಿತು. “ಕೇಳಿಸಿತೇ? ಮಾರಲೇಬೇಕಿದ್ದರೆ ಆ ಗೂಟ ಕಿತ್ತು ಮಾರಿ! ತುಂಬೆಯ ಹಗ್ಗಕ್ಕೆ ಕೈ ಹಾಕಿದರೆ ನಾನು ಸುಮ್ಮನಿರುವವಳಲ್ಲ!” ಎಂದು ಗಂಡನ ಮೇಲೆ ಕೂಗಿದಳು. ತುಂಬೆಯನ್ನು ಬಿಚ್ಚಿ ಬಾಗಿಲ ಬಳಿಯ ಮೊದಲ ಗೂಟಕ್ಕೆ ತಾನೇ ಕಟ್ಟಿದಳು. ಅಲ್ಲಿದ್ದ ಹಸುವನ್ನು ಆರನೆಯದಕ್ಕೆ ಕಟ್ಟಿದಳು. “ಇನ್ನು ಒಂದು ತಿಂಗಳು ಬಿಟ್ಟು ಅಳೆಯಿರಿ” ಎಂದಳು.

ತಿಂಗಳಲ್ಲಿ ತುಂಬೆಯ ಹಾಲು ಏರಿತು. ಆರನೆಯ ಗೂಟಕ್ಕೆ ಹೋದದ್ದರ ಹಾಲು ಇಳಿಯಿತು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

“ಎಂಥ ಮನುಷ್ಯ ಅವನು! ಹೊಟ್ಟೆಗೆ ಸರಿಯಾಗಿ ಹಾಕಲಿಲ್ಲ, ಹಾಲು ಮಾತ್ರ ಹನಿ ಬಿಡದೆ ಅಳೆದ. ಅದಕ್ಕೆ ನ್ಯಾಯ ಎಂದು ಹೆಸರು ಬೇರೆ! ನಾಚಿಕೆಯಾಗಬೇಡವೇ?”

ಗುರು ಕೇಳಿದರು: “ನೀನು ಪಾಠ ಹೇಳುವಾಗ ಹೊಸಬರ ಚಾಪೆ ಎಷ್ಟನೆಯ ಸಾಲಿನಲ್ಲಿರುತ್ತದೆ?”